ಎಮ್ಮಿ ಬಾಗಲಕ್ಕ ಕಮಾನು ಕಟ್ಟಿದ್ದು

ಸಿಂಧನೂರಾಗ ನಂದೊಂದು ಶಾಮಿಯಾನದ ಅಂಗಡಿ ಐತಿ. ಮದುವಿ, ಕುಬಸ, ತೊಟ್ಲ, ಮಠದಾಗ ದಾಸೋಹ, ಏನಿದ್ರೂ ನನ್ನ ಪೈಪು, ನನ್ನ ಪರದೆ, ನನ್ನ ಕುರ್ಚಿ. ಸುಣ್ಣ ಕಾಣದ ಗ್ವಾಡಿ ಮುಂದ ಬಂಗಾರದ ಬಣ್ಣದ ಪರದೆ ಬಿಟ್ಟು ಎರಡು ಲೈಟು ಹಚ್ಚಿದೆ ಅಂದ್ರ ಅದ ಅರಮನಿ. ಇಷ್ಟು ವರ್ಷದಾಗ ನಾ ಮುಚ್ಚಿದ ತಗ್ಗು, ಬಿರುಕು, ಮುರುಕ ಗ್ವಾಡಿ ಎಣಿಸಾಕ ಕುಂತ್ರ ಸಂಜಿ ಆಗ್ತೈತಿ. ಅದಕ್ಕ ಮಸ್ಕ್ಯಾಗಿರೋ ನಮ್ಮಕ್ಕ ಫೋನ್ ಮಾಡಿ, "ಮನಿ ಮಾರಬೇಕಪಾ, ಯಾರೂ ತಗೊಳ್ಳವಲ್ರು" ಅಂದಾಗ ನಾ ಎದಿ ಉಬ್ಬಿಸಿ ಹೇಳಿದೆ, "ಅಕ್ಕಾ, ನೀ ಸುಮ್ನ ಕೂಡು. ತೋರಿಸೋ ಕೆಲಸ ನಂದು."

ಅಕ್ಕಗ ಅಂಥಾ ಅವಸರ ಯಾಕಂದ್ರ, ಲಿಂಗಸುಗೂರಾಗ ಬಸ್‌ಸ್ಟ್ಯಾಂಡ್ ಹಿಂದ ಒಂದು ಖಾನಾವಳಿ ಖಾಲಿ ಆಗಿತ್ತು. ಭಾವ ತೀರಿಕೊಂಡ ಮ್ಯಾಲ ಆರು ವರ್ಷ ಅಕ್ಕ ಮಂದಿಗೆ ರೊಟ್ಟಿ ಬಡದು ಕೊಟ್ಟು, ಮಗಳನ್ನ ರಾಯಚೂರು ಹಾಸ್ಟೆಲಿನ್ಯಾಗಿಟ್ಟು ಓದಿಸಾಕತ್ತಿದ್ಳು. ಆಕಿ ಬಡದ ರೊಟ್ಟಿ ಬ್ಯಾರೆಯವರ ಹೋಟೆಲಿನ್ಯಾಗ ಬ್ಯಾರೆಯವರ ಹೆಸರಿಲೆ ಹೋಗ್ತಿದ್ವು. "ಇನ್ನ ಸಾಕು. ನನ್ನ ಬೋರ್ಡು, ನನ್ನ ಒಲಿ. ಹಟ್ಟಿ ಬಂಗಾರದ ಗಣಿಯಿಂದ ಪಾಳಿ ಮುಗಿಸಿ ಬರೋ ಮಂದಿ ನನ್ನ ಕೈಯಾಗ ಉಣ್ಲಿ" ಅಂತಿದ್ಳು. ಅದನ್ನ ಹೇಳುವಾಗ ಆಕಿ ಮಾರಿ ಮದುಮಗಳ ಮಾರಿ ಆಗ್ತಿತ್ತು. ಖಾನಾವಳಿ ಮಾಲಕ ಮಾತ್ರ ಖಡಕ್ಕಾಗಿ ಹೇಳಿದ್ದ. ಅಮಾಸಿ ತನಕ ಕಾಯ್ತೀನಿ, ಅದರ ಮರುದಿನ ಬ್ಯಾರೆಯವರಿಗೆ ಕೊಡ್ತೀನಿ ಅಂತ.

ಮನಿಗೆ ಗಿರಾಕಿ ಯಾಕ ಹತ್ತವಲ್ರು ಅಂದ್ರ, ಹೆಬ್ಬಾಗಲ ದಕ್ಷಿಣಕ್ಕಿತ್ತು. ಮೊದಲನೇದಾವ ಬಂದ, ಚಪ್ಪಲಿ ಸೈತ ಬಿಡಲಿಲ್ಲ, ಬಾಗಲ ನೋಡಿ ಹಂಗ ತಿರುಗಿದ. ಎರಡನೇದಾವನ ಹೆಂಡತಿ ಒಳಗ ಬಂದು, ನೀರು ಕುಡದು, ದನಿ ಸಣ್ಣ ಮಾಡಿ ಅಕ್ಕನ್ನ ಕೇಳಿದ್ಳು, "ನಿಮ್ಮ ಯಜಮಾನ್ರು ಹೆಂಗ ಹ್ವಾದ್ರು?" ಕೇಳಿ, ಬಾಗಲ ಕಡೆ ನೋಡಿದ್ಳು. ಭಾವ ಎದಿ ನೋವಿನಿಂದ ಹೋಗಿದ್ದ, ಸಿಂಧನೂರಾಗ ಭತ್ತದ ಲಾರಿ ಮುಂದ. ಬಾಗಲಕ್ಕೂ ಅದಕ್ಕೂ ಏನ್ ಸಂಬಂಧ? ಅವತ್ತು ಅಕ್ಕ ರೊಟ್ಟಿ ಬಡೀಲಿಲ್ಲ. ನನಗ ಮೈಯೆಲ್ಲಾ ಉರೀತು. ಆ ಉರಿಯಾಗ ನನ್ನ ತಲಿ ಓಡಾಕ ಶುರು ಮಾಡ್ತು.

ಮನಿಗೆ ಇನ್ನೊಂದು ಬಾಗಲ ಇತ್ತು. ಪಕ್ಕದ ಸಂದಿಗೆ, ಮೂಡಣ ದಿಕ್ಕಿಗೆ. ಎಮ್ಮಿ ಬಾಗಲ ಅಂತಿದ್ವಿ, ಯಾಕಂದ್ರ ಅದರಾಗ ಓಡಾಡ್ತಿದ್ದಾಕಿ ಎಮ್ಮಿ ಒಬ್ಬಾಕಿ. ಎಮ್ಮಿ ಮಾರಿ ಎರಡು ವರ್ಷ ಆಗಿತ್ತು, ವಾಸನಿ ಮಾತ್ರ ಇನ್ನೂ ಹೋಗಿರಲಿಲ್ಲ. ನಾ ಅಕ್ಕಗ ಹೇಳಿದೆ, "ಈ ಸಲ ಗಿರಾಕಿ ಮೂಡಣ ಬಾಗಲದಿಂದ ಬರ್ತಾರ, ಮೂಡಣ ಬಾಗಲದಿಂದ ಹೋಗ್ತಾರ. ಆ ಕಡೆ ಬಾಗಲ ಐತಿ ಅಂತ ಅವರಿಗೆ ಕನಸಿನ್ಯಾಗೂ ಗೊತ್ತಾಗಂಗಿಲ್ಲ."

"ಬಾಗಲ ಮುಚ್ಚಿಟ್ಟು ಮನಿ ಮಾರ್ತೀ ಏನ್ಲೇ? ಆಮ್ಯಾಲ ಗೊತ್ತಾದ್ರ?"

"ಪತ್ರ ಆಗೂತನ ಗೊತ್ತಾಗ್ಲಿಲ್ಲಂದ್ರ ಸಾಕು."

"ನಿನ್ನ ಬಾಯಿಗೆ ಮಣ್ಣ ಹಾಕ!" ಅಂದ್ಳು ಅಕ್ಕ. ಬ್ಯಾಡ ಅಂತ ಮಾತ್ರ ಅನ್ನಲಿಲ್ಲ. ಅಮಾಸಿಗೆ ಐದು ದಿನ ಉಳದಿದ್ವು.

ಆಕಿದು ಒಂದ ಷರತ್ತು. ಮನಿ ಮಾರೋ ಸುದ್ದಿ ಓಣ್ಯಾಗ ಯಾರ ಕಿವಿಗೂ ಬೀಳಬಾರದು. ನಮ್ಮ ಕಡೆ ಒಬ್ರು ಮನಿ ಮಾರ್ತಾರಂದ್ರ ಅವರು ಮುಳುಗಿದ್ರು ಅಂತನ ಮಾತು. ಗಂಡ ಇಲ್ಲದಾಕಿ ಮಾರಿದ್ರಂತೂ ಕಟ್ಟಿ ಮ್ಯಾಲ ಕುಂತಾವ್ರಿಗೆ ಒಂದು ತಿಂಗಳ ಮಾತು. ಅದಕ್ಕ ಗಿರಾಕಿ ಹುಡುಕಿದ್ದೆಲ್ಲಾ ದೂರದ ಊರಾಗ. ಈ ಸಲ ಸಿಂಧನೂರು ಕಡೆ, ಕಾಲುವಿ ನೀರಿಗೆ ಆಂಧ್ರದಿಂದ ಬಂದು ನೆಲಿಯೂರಿದಾವ್ರ ಕ್ಯಾಂಪಿನ್ಯಾಗ ಭತ್ತ ಬೆಳೆಯೋ ತೆಲುಗು ಮಾತಿನ ಗಂಡ ಹೆಂಡತಿ ಬರಾವ್ರಿದ್ರು. ಮಸ್ಕ್ಯಾಗ ಗೊಬ್ಬರದ ಅಂಗಡಿ ಹಾಕಾವ್ರು, ಇರಾಕ ಮನಿ ಬೇಕಿತ್ತು. ಒಳ್ಳೆ ಮಂದಿ. ಅಂಥಾವ್ರಿಗೆ ಟೋಪಿ ಹಾಕಾಕ ಹೊಂಟಿದ್ದೆ ನಾನು.

ಮುಂಜಾನೆ ಮುಂಜಾನೆ ಟೆಂಪೋ ತುಂಬ ಸಾಮಾನು ಇಳಿಸಿದೆ. ಅಡಗಿಮನಿ ಹೊಗಿ ಹಿಡದು ಕರ್ರಗಾಗಿತ್ತು, ಹಿಂದಿನ ದಿನಾನ ಮೂರು ಕೈ ಸುಣ್ಣ ಹೊಡಿಸಿದ್ದೆ. ಪಡಸಾಲಿ ನೆಲದ ಬಿರುಕಿನ ಮ್ಯಾಲ ಕೆಂಪು ಮ್ಯಾಟು. ತ್ಯಾವ ಹಿಡದ ಗ್ವಾಡಿಗೆ ನೀಲಿ ಪರದೆ. ಮದುಮಕ್ಕಳು ಕೂಡೋ ಸಿಂಹಾಸನ ಎರಡು ತಂದಿದ್ದೆ, ಒಳಗ ಹೊಗಲಿಲ್ಲ, ಕಾಲು ಬಿಚ್ಚಿ ಒಳಗ ತಂದು ಮತ್ತ ಜೋಡಿಸಿದೆ. ಎಮ್ಮಿ ಮೇವು ತಿನ್ನೋ ಗ್ವಾದಲಿಯಾಗ ಪ್ಲಾಸ್ಟಿಕ್ ಹೂವಿನ ಕುಂಡ ಸಾಲಾಗಿ ಇಟ್ಟೆ. ವಾಸನಿಗೆ ಒಂದು ಕಟ್ಟು ಊದಿನಕಡ್ಡಿ ಒಮ್ಮೆಲೆ ಹಚ್ಚಿದೆ. ಅಕ್ಕ ಕೆಮ್ಮಿಕೋತ ಹೊರಗ ಬಂದು, "ಮನಿ ಮಾರಾಕತ್ತೀಯೋ, ನನ್ನ ಸಾಯಿಸಾಕತ್ತೀಯೋ?" ಅಂದ್ಳು.

ದಕ್ಷಿಣದ ಹೆಬ್ಬಾಗಲಕ್ಕ ಒಳಗಿಂದ ಚಿಲಕ ಹಾಕಿ, ಅದರ ಮುಂದ ನೆಲದಿಂದ ಜಂತಿ ತನಕ ಬಂಗಾರದ ಪರದೆ ಬಿಟ್ಟು, ಪರದೆ ಮುಂದ ಆಳೆತ್ತರದ ಥರ್ಮಾಕೋಲಿನ ಗಣಪತಿನ್ನ ನಿಲ್ಲಿಸಿದೆ. ಗಣಪತಿ ಹಿಂದ ಯಾರು ಬಾಗಲ ಹುಡುಕ್ತಾರ? ಎಮ್ಮಿ ಬಾಗಲಕ್ಕ ಕಮಾನು ಕಟ್ಟಿದೆ. ಕಮಾನಿನ ಮ್ಯಾಲ 'ಶುಭವಿವಾಹ' ಅಂತ ಬರದಿತ್ತು. 'ವಿವಾಹ' ಹೂವಿನ ಹಾರದಾಗ ಮುಚ್ಚಿದೆ, 'ಶುಭ' ಅಷ್ಟ ಉಳೀತು. ದೂರ ನಿಂತು ನೋಡಿದೆ. ಅಬ್ಬಾ, ನನಗ ತಗೊಂಡುಬಿಡಬೇಕು ಅನಿಸ್ತು ಆ ಮನಿ.

ಅಷ್ಟೊತ್ತಿಗೆ ಎದುರುಮನಿ ಖಾಲಾ ಬಂದ್ಳು. ಮುಸ್ಲಿಂ ಮನಿ ಹಿರೇ ಹೆಣಮಗಳು, ಓಣಿಗೆಲ್ಲಾ ಚಿಗವ್ವ ಇದ್ದಂಗ. ಅಕ್ಕನ ಹೆಬ್ಬಾಗಲಕ್ಕೂ ಖಾಲಾನ ಬಾಗಲಕ್ಕೂ ನಡುವ ಹತ್ತು ಹೆಜ್ಜಿ. ಇಬ್ರದೂ ಇಪ್ಪತ್ತು ವರ್ಷದ ಬಳಕಿ, ಒಬ್ರ ಮನಿ ಸಾರು ಇನ್ನೊಬ್ರ ಮನಿಗೆ ಹೋಗದ ದಿನಾ ಇಲ್ಲ. ಕಮಾನು ನೋಡಿ ಖಾಲಾ ಸೊಂಟದ ಮ್ಯಾಲ ಕೈ ಇಟ್ಲು. "ಏನಪಾ, ಏನ್ ಕಾರ್ಯ?"

"ಸಣ್ಣದ ಐತಿ ಖಾಲಾ. ಮನಿ ಪೂರ್ತೆ."

"ಮನಿ ಪೂರ್ತೆ ಕಾರ್ಯಕ್ಕ ಇಷ್ಟು ದೊಡ್ಡ ಕಮಾನಾ? ಹುಡುಗಿಗೆ ಗಂಡು ಗೊತ್ತಾತೇನು?"

ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ನ ಹಲ್ಲು ಕಿಸಿದೆ. ಮನಿ ಮಾರೋ ಸುದ್ದಿ ಅಡಗಿತಲ್ಲ ಅಂತ ನನಗ ಒಳಗೊಳಗ ಖುಷಿ. ಖಾಲಾ ಸರಸರ ತನ್ನ ಮನಿಗೆ ಹೋದ್ಳು, ಅಲ್ಲಿಂದ ಪಕ್ಕದ ಮನಿಗೆ, ಅಲ್ಲಿಂದ ಅದರ ಪಕ್ಕದ ಮನಿಗೆ.

ಇಲ್ಲಿ ನಾ ಒಂದು ಮಾತು ಮರತಿದ್ದೆ. ಮುಯ್ಯಿ. ಒಬ್ರ ಮನ್ಯಾಗ ಕಾರ್ಯ ಆದ್ರ ಓಣಿಯವರು ಕುಪ್ಪಸದ ಕಣ, ಪಾತ್ರೆ, ಟವಲು, ಏನಾರ ಒಯ್ದು ಕೊಡಬೇಕು. ನಾಳೆ ಅವರ ಮನಿ ಕಾರ್ಯಕ್ಕ ಇವರು ತಿರುಗಿ ಒಯ್ಬೇಕು. ನಮ್ಮಕ್ಕ ಇಪ್ಪತ್ತು ವರ್ಷ ಆ ಓಣ್ಯಾಗ ಒಂದು ಮದುವಿ, ಒಂದು ಕುಬಸ, ಒಂದು ತೊಟ್ಲ ಬಿಟ್ಟಿಲ್ಲ. ಆದ್ರ ಆಕಿ ಮನ್ಯಾಗ ಒಂದ ಒಂದು ಕಾರ್ಯ ಆಗಿರಲಿಲ್ಲ. ಓಣಿಗೆ ಓಣಿನ ಆಕಿಗೆ ಮುಯ್ಯಿ ತೀರಿಸಾಕ ಕಾಯಾಕತ್ತಿತ್ತು. ನಾ ಕಮಾನು ಕಟ್ಟಿ ಬಾ ಅಂತ ಕರದಂಗ ಆತು.

ಹನ್ನೊಂದಕ್ಕ ಕಾರು ಬಂತು. ಗಂಡ ಬಿಳಿ ಅಂಗಿ, ಹೆಂಡತಿ ರೇಷ್ಮಿ ಸೀರಿ. ನಾ ಸಂದಿ ತಿರುವಿನ್ಯಾಗ ನಿಂತು, ಅವರನ್ನ ಸೀದಾ ಕಮಾನಿಗೆ ಕರಕೊಂಡು ಬಂದೆ, ಓಣಿ ಕಡೆ ಹೊರಳಾಕ ಬಿಡಲಿಲ್ಲ. ಆತ ಹೊಸ್ತಿಲ ಮ್ಯಾಲ ನಿಂತು ಮೊಬೈಲ್ ತಗದು ದಿಕ್ಕು ನೋಡಿದ. ಮೂಡಣ. ಹೆಂಡತಿ ಕಡೆ ತಿರುಗಿ "ಬಾಗುಂದಿ" ಅಂದ, ಚಲೋ ಐತಿ ಅಂತ. ನನಗ ಅಲ್ಲೇ ಕುಣೀಬೇಕು ಅನಿಸ್ತು.

ಸಿಂಹಾಸನದ ಮ್ಯಾಲ ಕುಂದ್ರಿಸಿದೆ. ಅಕ್ಕ ಚಾ ತಂದ್ಳು. ಹೆಂಡತಿ ಅಡಗಿಮನಿ ನೋಡಿ ಬಂದು, ಒಲಿ ಕಟ್ಟಿ ಚಲೋ ಐತಿ ಅಂದ್ಳು. ಗಂಡ ಗ್ವಾದಲಿ ಮ್ಯಾಲ ಕೈಯಾಡಿಸಿ, "ಹೂವಿಗಂತನ ಕಟ್ಟಿ ಕಟ್ಟಿಸೀರಲ್ರಿ, ಯಾರೂ ಹಿಂಗ ಮಾಡಂಗಿಲ್ಲ" ಅಂತ ಮೆಚ್ಚಿದ. ಅಕ್ಕ ಸೆರಗು ಬಾಯಿಗೆ ಹಿಡದು ಒಳಗ ಓಡಿದ್ಳು. ಆತ ಇನ್ನೇನು ವ್ಯವಹಾರದ ಮಾತಿಗೆ ಬಾಯಿ ತೆರೀಬೇಕು, ಗಣಪತಿ ಹಿಂದಿಂದ ಸಪ್ಪಳ ಬಂತು. ಡಬ್, ಡಬ್, ಡಬ್.

"ಪಕ್ಕದ ಮನ್ಯಾಗ ಖಾರ ಕುಟ್ಟಾಕತ್ತಾರ್ರೀ" ಅಂದೆ.

"ಬಾಗಲಾ ತೆಗಿ ಮಾ!" ಅಂತು ಗಣಪತಿ ಹಿಂದಿನ ದನಿ.

ಆತ ನನ್ನ ನೋಡಿದ. ನಾ ಜಂತಿ ನೋಡಿದೆ. ಆ ಹೆಬ್ಬಾಗಲದ ಚಿಲಕ ಹೊರಗಿಂದ ಸಂದಿನ್ಯಾಗ ಬೆರಳು ಹಾಕಿ ಎತ್ತಿದ್ರ ಏಳ್ತೈತಿ ಅನ್ನೋದು ನನಗ ಗೊತ್ತಿರಲಿಲ್ಲ. ಖಾಲಾಗ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಗಣಪತಿ ಒಮ್ಮೆ ನಡುಗಿದ, ಮುಂದಕ್ಕ ಬಾಗಿದ, ಪರದೆ ಸಮೇತ ಕೆಂಪು ಮ್ಯಾಟಿನ ಮ್ಯಾಲ ಮಕಾಡೆ ಬಿದ್ದ. ಬೆಳಕು ದಬಕ್ಕನ ಒಳಗ ಬಂತು. ಬೆಳಕಿನ ಹಿಂದ ತಾಟಿನ್ಯಾಗ ಕಣ, ತೆಂಗಿನಕಾಯಿ ಹಿಡಕೊಂಡು ಖಾಲಾ. ಖಾಲಾನ ಹಿಂದ ಹತ್ತು ಹನ್ನೆರಡು ಹೆಣಮಕ್ಕಳು, ಎಲ್ಲಾರ ಕೈಯಾಗೂ ತಾಟು.

"ಹುಡುಗ ಎಲ್ಲಿ? ಬಂದಿಲ್ಲೇನು?" ಅಂತ ಖಾಲಾ ಆ ಗಂಡ ಹೆಂಡತೀನ್ನ ಕೇಳಿದ್ಳು.

ಅವರಿಗೇನ್ ತಿಳೀಬೇಕು ಪಾಪ. ಆತ ಎದ್ದು, ಬಿದ್ದ ಗಣಪತಿನ್ನ ದಾಟಿ, ಹೆಬ್ಬಾಗಲದಾಗ ನಿಂತು ಮತ್ತ ಮೊಬೈಲ್ ತಗದ. ದಕ್ಷಿಣ. ಓಣಿ ಆ ಕಡೆ, ಈ ಕಡೆ ನೋಡಿದ. ಆಮ್ಯಾಲ ನನ್ನ ನೋಡಿದ. ನನ್ನ ಜೀವಮಾನದಾಗ ನಾ ಅಷ್ಟು ಸಣ್ಣಾವ ಯಾವತ್ತೂ ಆಗಿಲ್ಲ.

ಏನೋ ಒಂದು ಸುಳ್ಳು ಹೊಸೆಯಾಕತ್ತಿದ್ದೆ, ಅಕ್ಕ ಹಿಟ್ಟಿನ ಕೈಲೆ ಹೊರಗ ಬಂದ್ಳು. "ನೀ ಸುಮ್ನಿರು" ಅಂದ್ಳು ನನಗ. ಆಮ್ಯಾಲ ಆ ಹೆಣಮಗಳ ಕಡೆ ತಿರುಗಿದ್ಳು. "ಇದ ನಮ್ಮ ಹೆಬ್ಬಾಗಲ ರೀ. ದಕ್ಷಿಣಕ್ಕ ಐತಿ. ನೀವು ಬಂದದ್ದು ಎಮ್ಮಿ ಬಾಗಲ. ನನ್ನ ಗಂಡ ತೀರಿಕೊಂಡಾನ, ಅವಗ ಈ ಬಾಗಲ ಏನೂ ಮಾಡಿಲ್ಲ. ನಾ ಮನಿ ಮಾರಾಕತ್ತೀನಿ, ನಿಮಗ ಬ್ಯಾಡಂದ್ರ ಬಿಡ್ರಿ. ಆದ್ರ ಉಂಡು ಹೋಗಬೇಕು. ಬಂದಾವ್ರನ್ನ ನಾ ಹಂಗ ಕಳಿಸಿಲ್ಲ."

ಹೆಣಮಕ್ಕಳು ತಾಟು ಹಿಡಕೊಂಡು ಹಂಗ ನಿಂತ್ರು. ಮನಿ ಮಾರಾಕತ್ತೀನಿ ಅನ್ನೋ ಮಾತು ಓಣಿ ತುಂಬ ಹೋಗಾಕ ಅಷ್ಟ ಸಾಕಾತು. ಇಷ್ಟು ದಿನ ಮುಚ್ಚಿಟ್ಟದ್ದನ್ನ ಅಕ್ಕ ತಾನ ಬಿಚ್ಚಿ ಇಟ್ಟಿದ್ಳು.

ಮೊದಲು ನಕ್ಕದ್ದು ಆ ಕ್ಯಾಂಪಿನಾತ. ಹೊಟ್ಟಿ ಹಿಡಕೊಂಡು ನಕ್ಕ. "ಗಣಪತಿನ್ನ ಕಾವಲಿಗೆ ನಿಲ್ಲಿಸಿದ್ರಿ ಏನ್ರೀ!" ಅಂದ. ಸಿಟ್ಟು ಮಾಡಲಿಲ್ಲ. ಗಂಡ ಹೆಂಡತಿ ಇಬ್ರೂ ಕುಂತು ಬಿಸಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ ಉಂಡ್ರು. ಮನಿ ಮಾತ್ರ ಬ್ಯಾಡ ಅಂದ್ರು, ಮನ್ಯಾಗ ಹಿರೇರು ಒಪ್ಪಂಗಿಲ್ಲ ಅಂತ. ಕಾರು ಹತ್ತುವಾಗ ಆತ ನನ್ನ ನಂಬರ್ ತಗೊಂಡ. ಮಗಳ ಮದುವಿಗೆ ಮಂಟಪ ನಂದ ಬೇಕಂತ! ಖುಷಿ ಪಡಬೇಕೋ, ನಾಚಬೇಕೋ ತಿಳೀಲಿಲ್ಲ. ಅಕ್ಕನ ಖಾನಾವಳಿ ನನ್ನ ಕೈಯಾಗ ಮುಳುಗಿತ್ತು, ನನಗ ದಂಧೆ ಸಿಕ್ಕಿತ್ತು.

ಹೆಣಮಕ್ಕಳು ಒಬ್ಬೊಬ್ರ ಬಂದು ತಾಟು ಅಕ್ಕನ ಮುಂದ ಇಟ್ಟು, ಏನೂ ಕೇಳದ ಹೋದ್ರು. ಖಾಲಾ ಒಬ್ಬಾಕಿ ಉಳದ್ಳು. ಉಣ್ಣಲಿಲ್ಲ. ಸಿಂಹಾಸನದ ಮ್ಯಾಲೂ ಕೂಡಲಿಲ್ಲ, ಗ್ವಾಡಿಗೆ ಆನಿಕೊಂಡು ನೆಲದ ಮ್ಯಾಲ ಕುಂತ್ಳು.

"ಕೈಕು ಛುಪಾಯಿ ಮಾ? ಯಾಕ ಮುಚ್ಚಿಟ್ಟಿ?" ಅಂದ್ಳು.

ಅಕ್ಕ ಬಿದ್ದ ಪರದೆ ಮಡಚಾಕ ಹತ್ತಿದ್ಳು.

"ಆರು ತಿಂಗಳಿಂದ ನಾನೂ ಮನಿ ಹುಡುಕಾಕತ್ತೀನಿ" ಅಂದ್ಳು ಖಾಲಾ. "ಇಬ್ರು ಸೊಸ್ತ್ಯಾರು ಒಂದ ಒಲಿ ಮುಂದ ನಿಂದ್ರವಲ್ರು. ಸಣ್ಣ ಮಗಗ ಬ್ಯಾರೆ ಮನಿ ಮಾಡಬೇಕು. ಮನಿ ಒಡದೈತಿ ಅಂತ ಓಣ್ಯಾಗ ಅಂದಾರು ಅಂತ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಸಂತಿಗೆ ಹೊಂಟೀನಿ ಅಂತ ನಿನಗ ಸುಳ್ಳು ಹೇಳಿ ಊರಾಗಿನ ಮನಿ ಎಲ್ಲಾ ನೋಡಿ ಬಂದೀನಿ."

ನನಗ ನಗು ತಡಕೊಳ್ಳಾಕ ಆಗಲಿಲ್ಲ. ಹತ್ತು ಹೆಜ್ಜಿ ದೂರದಾಗ ಒಬ್ಬಾಕಿ ಮಾರಾಕ ಮುಚ್ಚುಮರಿ, ಒಬ್ಬಾಕಿ ಕೊಳ್ಳಾಕ ಮುಚ್ಚುಮರಿ! ನಡುವ ನಾ ಒಬ್ಬ ಹುಚ್ಚ, ಟೆಂಪೋ ತುಂಬ ಪರದೆ ತಂದು ಗಿರಾಕಿ ಕಣ್ಣಿಗೆ ಬೀಳಬಾರದು ಅಂತ ಖರೇ ಗಿರಾಕಿ ಎದುರಿನ ಬಾಗಲಾನ ಮುಚ್ಚಿದ್ದೆ. ಅಕ್ಕ ಕೆಕ್ಕರಿಸಿ ನೋಡಿದ್ಳು, ನಗು ನುಂಗಿದೆ.

"ದಕ್ಷಿಣಕ್ಕ ಐತಿ..." ಅಂದ್ಳು ಅಕ್ಕ, ಸಣ್ಣ ದನಿಯಾಗ.

"ನನ್ನ ಬಾಗಲದ ಎದುರಿಗೆ ಐತಿ. ನನಗ ಅಷ್ಟ ಸಾಕು."

ಖಾಲಾ ಮಗನ್ನ ಕರಿಸಿದ್ಳು. ಸಂಜಿಯೊಳಗ ಮಾತು ಮುಗೀತು. ಖಾನಾವಳಿ ಮಾಲಕಗ ನಾನ ಫೋನ್ ಹಚ್ಚಿ, ಬೋರ್ಡು ಬರಸಾಕ ಹೇಳ್ರಿ ಅಂದೆ. ಎಲ್ಲಾ ಆದ ಮ್ಯಾಲೂ ಖಾಲಾನ ಮಾರಿ ಮಾತ್ರ ಸಡಲಲಿಲ್ಲ. ಅಕ್ಕ ಆಕಿ ಮುಂದ ಊಟದ ತಾಟು ಇಟ್ಲು. ಖಾಲಾ ತಾಟು ದೂರ ಸರಿಸಿದ್ಳು.

"ಮನಿ ಮಾತಲ್ಲ ನಂದು" ಅಂದ್ಳು. "ನನಗ ಯಾಕ ಹೇಳಲಿಲ್ಲ?"

"ಮನಿ ಮಾರಾಕತ್ತಾಳ ಅಂದ್ರ ನೀ ಏನ್ ಅಂದ್ಕೋತೀಯೋ ಅಂತ ಅಂಜಿದೆ" ಅಂದ್ಳು ಅಕ್ಕ.

"ಏನ್ ಅಂದ್ಕೋತೀನಿ? ನೀ ಹೋಗ್ತೀ ಅಂದ್ಕೋತೀನಿ."

ಲಿಂಗಸುಗೂರು ಅಷ್ಟೇನೂ ದೂರ ಇಲ್ಲ ಖಾಲಾ, ತಾಸಿನೊಳಗ ಬಸ್ಸು ಮುಟ್ಟಿಸ್ತೈತಿ ಅಂತ ಹೇಳಾಕ ನಾ ಬಾಯಿ ತೆರದೆ. ಇಬ್ರ ಮಾರಿ ನೋಡಿ, ಕಮಾನು ಬಿಚ್ಚಾಕ ಹೊರಗ ಹೋದೆ.