ಅಕ್ಕೋರ ಇಂಗ್ಲಿಷು

ಹಚ್ಚೊಳ್ಳಿಯಲ್ಲಿ ನಂಟರ ಮದುವೆ ಮುಗಿಸಿಕೊಂಡು ಕಳೆದ ತಿಂಗಳು ಬಳ್ಳಾರಿಗೆ ಮರಳುತ್ತಿದ್ದೆ. ಸಿರುಗುಪ್ಪ ಹತ್ತಿರವಾದಂತೆ ಬಸ್ಸಿನೊಳಕ್ಕೆ ಕುದಿಸಿದ ಭತ್ತದ ವಾಸನೆ ನುಗ್ಗಿತು. ಪಕ್ಕದಾಕೆ ಮೂಗಿಗೆ ಸೆರಗು ಹಿಡಿದರೆ ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ನಾನು ಓದಿದ ಸರಕಾರಿ ಶಾಲೆ ಇಲ್ಲಿನ ಅಕ್ಕಿ ಗಿರಣಿಯ ಗೋಡೆಗೆ ಬೆನ್ನು ಹಚ್ಚಿಕೊಂಡು ನಿಂತಿತ್ತು. ಏಳನೆಯ ತರಗತಿಯ ಪಾಠಗಳೆಲ್ಲ ನನಗೆ ಆ ವಾಸನೆಯ ಜೊತೆಗೇ ನೆನಪಾಗುತ್ತವೆ... ಪಾಠ ಹೇಳಿದ ಅಕ್ಕೋರೂ ಹಾಗೆಯೇ.

ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಅನ್ನುತ್ತೇವೆ. ನಮ್ಮ ಅಕ್ಕೋರು ಎತ್ತರದ ಹೆಂಗಸು, ನಡಿಗೆ ಬಿರುಸು. ತವರು ಕುರುಗೋಡು. ಸಿರುಗುಪ್ಪದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಅದೇ ಊರಿಗೊಂದು ಮಾತಾಗಿತ್ತು. ಅವರು ಅದಕ್ಕೆ ಕಿವಿಗೊಟ್ಟಿದ್ದನ್ನು ನಾನು ಕಾಣೆ.

ನನ್ನ ಅಪ್ಪ ಬಿಲ್ಲಿನ ತಂತಿ ಮೀಟಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಒಂದು ಸಂಜೆ ಅಕ್ಕೋರು ನೆಟ್ಟಗೆ ನಮ್ಮ ಮನೆಗೇ ಬಂದರು. ಬಳ್ಳಾರಿಯಲ್ಲಿ ಹಾಸ್ಟೆಲ್ ಇರುವ ದೊಡ್ಡ ಖಾಸಗಿ ಶಾಲೆಯೊಂದಿತ್ತು. ಎಂಟನೆಯ ತರಗತಿಗೆ ಪರೀಕ್ಷೆ ನಡೆಸಿ, ಮಾತಾಡಿಸಿ ನೋಡಿ, ಬೆರಳೆಣಿಕೆಯ ಹುಡುಗಿಯರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಅಲ್ಲಿಗೆ ನನ್ನಿಂದ ಅರ್ಜಿ ಹಾಕಿಸಬೇಕು ಅಂದರು.

ಅಪ್ಪನ ಕೂದಲ ತುಂಬ ಹತ್ತಿಯ ಎಳೆ. ಎದ್ದು ನಿಂತೇ ಕೇಳಿದ: "ಅಕ್ಕೋರ, ನಮ್ಮಂಥೋರ ಮಕ್ಕಳನ್ನ ಅವ್ರು ಒಳಗ ಬಿಟ್ಟುಕೊಂತಾರೇನ್ರಿ?"

"ಬ್ಯಾಡ ಅನ್ನೋದಾದ್ರ ಅವ್ರೇ ಅನ್ಲಿ. ಕೇಳಲಾರದ ನಾವ್ಯಾಕ ಮನಿಯಾಗ ಕುಂತು ಬ್ಯಾಡ ಅನ್ನಬೇಕು?"

ಅಪ್ಪ ಒಪ್ಪಿಕೊಂಡ. ಅಳುಕಿದ್ದು ನಾನು. ಲೆಕ್ಕ ನನಗೆ ನೀರು ಕುಡಿದಷ್ಟು ಸಲೀಸು, ಆದರೆ ಇಂಗ್ಲಿಷು ಬರೆಯುವುದಕ್ಕಷ್ಟೇ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹಾಗಂತ ಹೇಳಿದರೆ ಅಕ್ಕೋರು ನಕ್ಕುಬಿಟ್ಟರು. "ನನಗೆಲ್ಲಿ ಬರತೈತಿ? ಇಬ್ರೂ ಕೂಡಿ ಕಲಿಯೂಣು ಬಾ."

ಅವರ ಕೋಣೆಯಲ್ಲಿ ರೇಡಿಯೋ ಇತ್ತು. ಶಾಲೆಗೆ ಮುಂಚೆ ಇಂಗ್ಲಿಷ್ ವಾರ್ತೆ ಹಚ್ಚಿ ಇಬ್ಬರೂ ಅದರ ಮುಂದೆ ಕೂರುತ್ತಿದ್ದೆವು. ವಾರ್ತೆ ಓದುವವನು ಓಡಿಯೇ ಓಡುತ್ತಿದ್ದ. "ಈಗೇನಂದ ಲೇ?" ಅನ್ನುತ್ತಿದ್ದರು ಅಕ್ಕೋರು. ನನಗೆ ದಕ್ಕಿದ ಒಂದು ಶಬ್ದ ಹೇಳಿದರೆ ಅದನ್ನೇ ಅವರೂ ಹೇಳಿ ನೋಡುವರು. ಅವರ ನಾಲಿಗೆ ತಡವರಿಸಿದಾಗ ನಾನು ತಿದ್ದಿದರೆ, ಹುರುಪಿನಿಂದ ಮತ್ತೆ ಹೇಳುವರು. ಟೀಚರನ್ನು ತಿದ್ದಬಹುದು ಅನ್ನುವುದೇ ನನಗೆ ಹೊಸದು...

ಪರೀಕ್ಷೆಯ ಹಿಂದಿನ ದಿನ ನನ್ನನ್ನು ಕುರುಗೋಡಿನ ತವರಿಗೆ ಕರೆದುಕೊಂಡು ಹೋದರು. ಅಲ್ಲಿಂದ ಬಳ್ಳಾರಿ ಹತ್ತಿರ. ಅವರ ತಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಈ ಹುಡುಗಿ ಯಾರ ಪೈಕಿ?" ಅಂದರು.

"ನನ್ನ ಪೈಕಿ ಬೇ, ಯವ್ವಾ," ಅಂದು ಅಕ್ಕೋರು ನನ್ನನ್ನು ತಮ್ಮ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡರು. ಬೆಳಿಗ್ಗೆ ಆ ತಾಯಿಯೇ ಎಣ್ಣೆ ಹಚ್ಚಿ ನನ್ನ ಜಡೆ ಹೆಣೆದರು.

ಬರವಣಿಗೆಯ ಪರೀಕ್ಷೆಯೇನೋ ಸುಸೂತ್ರವಾಯಿತು. ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ಕೋಣೆಗೆ ಕರೆದರು. ಹೊರಗೆ ಬೂಟು, ಕಾಲುಚೀಲ ಹಾಕಿಕೊಂಡ ಹುಡುಗಿಯರು ತಂದೆಯರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಒಳಗೆ ಹೆಡ್‌ಮಿಸ್ಟ್ರೆಸ್ ಜೊತೆ ಇನ್ನಿಬ್ಬರು ಶಿಕ್ಷಕಿಯರು. ನನ್ನ ತಂದೆ ಏನು ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅರ್ಥವಾಯಿತು. ಬಾಯಿ ಮಾತ್ರ ಬಿಡಲಿಲ್ಲ. ಇನ್ನೊಮ್ಮೆ ಕೇಳಿದರು. ಕಣ್ಣು ತುಂಬಿಕೊಂಡವು. ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ಮುಂದಿನ ವರ್ಷ ಬಾ ಎಂದು ಮೆಲ್ಲಗೆ ಹೇಳಿ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಅಕ್ಕೋರು ನಿಂತಿದ್ದರು. ಯಾರೂ ಕರೆಯದಿದ್ದರೂ ಒಳಗೆ ಬಂದೇಬಿಟ್ಟರು.

"ಮೇಡಂ, ಶೀ ಅಫ್ರೇಡ್. ಐ ಆಲ್ಸೋ ಅಫ್ರೇಡ್. ಮೈ ಇಂಗ್ಲಿಷ್ ಈಸ್ ಮೋರ್ ಬ್ಯಾಡ್. ಬಟ್ ಐ ಆಮ್ ಟಾಕಿಂಗ್, ನೋ?"

ಶಿಕ್ಷಕಿಯರಲ್ಲೊಬ್ಬರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಅಕ್ಕೋರ ಕಿವಿ ಕೆಂಪಾಯಿತು. ಆದರೂ ನಿಲ್ಲಿಸಲಿಲ್ಲ. ನನ್ನ ಲೆಕ್ಕದ ಬಗ್ಗೆ, ರೇಡಿಯೋ ಬಗ್ಗೆ, ತಮ್ಮಿಬ್ಬರ ಕಲಿಕೆಯ ಬಗ್ಗೆ ಸಿಕ್ಕ ಸಿಕ್ಕ ಶಬ್ದ ಜೋಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಾನು ತಪ್ಪು ತಪ್ಪು ಮಾತಾಡಿದ್ನಿಲ್ಲ? ಏನಾತು? ಇನ್ನೂ ಇಲ್ಲೇ ನಿಂತೀನಿ. ಈಗ ನೀ ಹೇಳು," ಅಂದರು.

ಅದು ಹೇಗೆ ಬಾಯಿ ಬಂತೋ ಗೊತ್ತಿಲ್ಲ... "ಮೈ ಫಾದರ್ ಮೇಕ್ಸ್ ಬೆಡ್ಸ್," ಅಂದೆ. ಹತ್ತಿ ಹಿಂಜುವುದಕ್ಕೆ ಇಂಗ್ಲಿಷ್ ಶಬ್ದ ತಿಳಿಯದೆ, ಅಪ್ಪನ ಬಿಲ್ಲು ಹಿಡಿದವಳಂತೆ ಕೈ ಆಡಿಸಿ, ಟಂಯ್ ಟಂಯ್ ಎಂದು ಬಾಯಲ್ಲೇ ಸದ್ದು ಮಾಡಿ ತೋರಿಸಿದೆ. ಹೆಡ್‌ಮಿಸ್ಟ್ರೆಸ್ ಗಟ್ಟಿಯಾಗಿ ನಕ್ಕರು, ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಹಳೇ ಹತ್ತಿ ಮತ್ತೆ ಯಾಕೆ ಉಬ್ಬುತ್ತದೆ ಅಂತ ಕೇಳಿದರು. ಹೇಳಿದೆ. ಇನ್ನೊಂದು ಕೇಳಿದರು. ಅದನ್ನೂ ಹೇಳಿದೆ.

ಸೀಟು ಕೊಟ್ಟರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾಗದಿದ್ದರೆ ವಾಪಸ್ ಹೋಗಬೇಕು ಅನ್ನುವ ಮಾತಿನ ಮೇಲೆ. ಅಪ್ಪ ಹೊಸ ಅರಳೆ ತುಂಬಿ ನನಗೊಂದು ಗಾದಿ ಹೊಲಿದ. ಬಸ್ಸಿನ ಮೇಲೆ ಅದನ್ನು ಕಟ್ಟುವಾಗ ಕಂಡಕ್ಟರನಿಗೆ, "ಮಗಳು ಬಳ್ಳಾರಿ ಸಾಲಿಗೆ ಹೊಂಟಾಳ್ರಿ, ಸಾವಕಾಶ ಇಡ್ರಿ," ಅಂದ. ಇಂಗ್ಲಿಷಿನಲ್ಲಿ ಹೇಗೋ ಅಂಚಿನಲ್ಲಿ ಪಾಸಾದೆ. ಆ ಶಾಲೆಯಲ್ಲೇ ಉಳಿದೆ. ಓದಿದೆ, ಬಳ್ಳಾರಿಯಲ್ಲೇ ಕಾಲೇಜಿನಲ್ಲಿ ಗಣಿತ ಕಲಿಸಿದೆ.

ಅಕ್ಕೋರು ತೀರಿಕೊಂಡ ಸುದ್ದಿ ತಿಳಿದು ಕುರುಗೋಡಿಗೆ ಹೋದಾಗ ಅಂಗಳದಲ್ಲಿ ನನಗೆ ಗುರುತಿಲ್ಲದ ಎಷ್ಟೋ ಹೆಂಗಸರಿದ್ದರು. ಒಬ್ಬೊಬ್ಬರನ್ನೇ ಕೇಳುತ್ತ ಹೋದಂತೆ ತಿಳಿಯಿತು, ಅವರನ್ನೆಲ್ಲ ಅಕ್ಕೋರು ನನ್ನಂತೆಯೇ ಒಂದಲ್ಲ ಒಂದು ಶಾಲೆಯ ಬಾಗಿಲಿಗೆ ಕರೆದೊಯ್ದಿದ್ದರು. ನರ್ಸ್ ಆಗಿದ್ದವಳೊಬ್ಬಳು ಹೇಳಿದಳು: "ನನಗ ಸೀಟು ಸಿಗಲಿಲ್ರಿ. ಬರೂವಾಗ ಬಸ್ಸಿನ್ಯಾಗ ನನಗಿಂತ ಅಕ್ಕೋರೇ ಜಾಸ್ತಿ ಅತ್ರು. ಮರುವರ್ಷ ಮತ್ತ ಬಂದು ಕೈ ಹಿಡ್ಕಂಡು, ನಡಿ, ಇನ್ನೊಂದು ಸಾಲಿ ಐತಿ ಅಂದ್ರು." ಅಳುತ್ತಲೇ ನಗುತ್ತಿದ್ದಳು. ನಾವೆಲ್ಲ ಹಾಗೆಯೇ...

ಕಳೆದ ತಿಂಗಳ ಆ ಬಸ್ಸು ಕುರುಗೋಡಿನಲ್ಲಿ ನಿಂತಿತು. ಇಳಿದು ಹೋಗಲು ಆ ಊರಿನಲ್ಲಿ ಈಗ ನನಗೆ ಯಾರೂ ಇಲ್ಲ. ಪಕ್ಕದಾಕೆ ಇಳಿದಳು, ನಾನು ಕೂತೇ ಇದ್ದೆ. ಹೆಗಲಿಗೆ ಚೀಲ ಹಾಕಿಕೊಂಡ ಮೂವರು ಹುಡುಗಿಯರು ಗದ್ದಲ ಮಾಡುತ್ತ ಹತ್ತಿದರು. ಬಳ್ಳಾರಿಯಲ್ಲಿ ಅದೇನೋ ಪ್ರವೇಶ ಪರೀಕ್ಷೆಯಂತೆ. ಒಬ್ಬಳ ಮುಖ ಮಾತ್ರ ಬಾಡಿತ್ತು. ನಾನು ಕಿಟಕಿಯ ಕಡೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.