ಮಾಸ್ತರರ ಎರಡು ಪಿಟೀಲು

ಬನಹಟ್ಟಿಯ ಗಿರಿಮಲ್ಲಪ್ಪ ಹದಿನಾರನೆಯ ವಯಸ್ಸಿಗೆ ಮಗ್ಗದ ಶೆಡ್ಡು ಹೊಕ್ಕವನು. ನಾಲ್ವತ್ತು ವರ್ಷ ದಾಟಿದರೂ ಅಲ್ಲಿಂದ ಹೊರಬಿದ್ದಿರಲಿಲ್ಲ. ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಲೇ ಓಡತೊಡಗಿದರೆ ಪಕ್ಕದವನು ಕೂಗಿದರೂ ಕೇಳದು. ಊರ ನೇಕಾರರೆಲ್ಲ ಮನೆಯಲ್ಲೂ ಗಟ್ಟಿಯಾಗಿಯೇ ಮಾತಾಡುವವರು, ಇವನೂ ಹಾಗೆಯೇ. ಅದನ್ನು ಯಾರೂ ವಿಶೇಷವೆಂದು ತಿಳಿದಿರಲಿಲ್ಲ.

ಅವನಿಗಿದ್ದ ಒಂದೇ ಹುಚ್ಚು ಪಿಟೀಲು. ರಜೆ ಸಿಕ್ಕ ದಿನ ಬಸ್ಸು ಹತ್ತಿ ಜಮಖಂಡಿಗೆ, ಲಗಮಪ್ಪ ಮಾಸ್ತರರ ಮನೆಗೆ ಕಲಿಯಲು ಹೋಗಿಬಿಡುತ್ತಿದ್ದ. ಮಾಸ್ತರರು ಹರೆಯದಲ್ಲಿ ನಾಟಕ ಕಂಪನಿಗಳ ಜೊತೆ ಊರೂರು ತಿರುಗಿ, ಕಂಪನಿಗಳು ಮುಳುಗಿದ ಮೇಲೆ ಜಮಖಂಡಿಯಲ್ಲಿ ನೆಲೆ ನಿಂತವರು. ಅವರಲ್ಲಿ ಎರಡು ಪಿಟೀಲುಗಳಿದ್ದವು. ಎರಡೂ ಜರ್ಮನಿಯವು, ನೂರು ವರ್ಷಕ್ಕೂ ಹಳೆಯವು. ಒಂದು ಹುರಿದ ಕಾಫಿಬೀಜದ ಬಣ್ಣದ್ದು. ಇನ್ನೊಂದು ಕೆಂಪು, ಬಿಸಿಲಿಗೆ ಹಿಡಿದರೆ ಜೇನಿನ ಹಾಗೆ ಹೊಳೆಯುತ್ತಿತ್ತು. ಕಮಾನುಗಳೂ ಎರಡು, ಒಂದು ಭಾರ, ಒಂದು ಹಗುರ.

"ಕರೀದು ಹಿರೇ ಸೊಸಿ ಇದ್ದಂಗ," ಎನ್ನುತ್ತಿದ್ದರು ಮಾಸ್ತರರು. "ಕರದ್ರ ತಡಾ ಮಾಡಿ ಬರ್ತಾಳ. ಬಂದ್ಲಂದ್ರ ಮನಿ ತುಂಬತಾಳ. ಆಕಿಗೆ ಭಾರದ ಕಮಾನ ಬೇಕು. ಕೆಂಪಂದು ಸಣ್ಣ ಹುಡಗಿ. ಬಾಯಿ ತೆಗಿಯೂದ್ರಾಗ ಓಡಿ ಬರ್ತಾಳ, ಗದರಿಸಿದ್ರ ಕಿರಚತಾಳ. ಹಗುರ ಕಮಾನ ಹಿಡಿ, ಕೈ ಇಟ್ಟೂ ಇಡದಂಗ ಇರು."

ಗಿರಿಮಲ್ಲಪ್ಪ ಮನಸೋತಿದ್ದು ಕೆಂಪಿಗೆ. ಅದರ ಮೇಲಿನ ತಂತಿಯಲ್ಲಿ ಷಡ್ಜ ಹಿಡಿದರೆ ಎದೆಯಲ್ಲಿ ಸೂಜಿ ಚುಚ್ಚಿದ ಹಾಗೆ, ನೋವಿಲ್ಲದ ಚುಚ್ಚು. ಮನೆಯಲ್ಲಿದ್ದ ತನ್ನ ಅಗ್ಗದ ವಾದ್ಯದಲ್ಲಿ ಆ ದನಿ ಹುಡುಕುತ್ತಲೇ ಅವನ ಆಯುಷ್ಯ ಕಳೆಯಿತು. ಸುತ್ತಲಿನ ಭಜನೆಗಳಿಗೆ, ಬೀಳಗಿ ಕಡೆಯ ನಾಟಕಗಳಿಗೆ ಹೋಗಿ ಬಾರಿಸಿದ. ಮಗಳು ಪ್ರೀತಿಗೂ ತಾನೇ ಕಲಿಸಿದ. ಹುಡುಗಿಯ ಕೈ ಛಲೋ ಇತ್ತು.

ಆದರೆ ಈಚಿನ ಕೆಲವು ವರ್ಷಗಳಿಂದ ಅವನಿಗೆ ಮಗಳ ಬಾರಿಸುವಿಕೆ ಸೇರುತ್ತಿರಲಿಲ್ಲ. "ಮ್ಯಾಲಿನ ತಂತಿಗೆ ಜೀವ ಇಲ್ಲಲ್ಲಬೇ! ಕಮಾನ ಒತ್ತಿ ಹಿಡಿ. ಇನ್ನೂ ಒತ್ತು!" ಎಂದು ದಿನಾ ಗದರುತ್ತಿದ್ದ. ಪ್ರೀತಿ ಒತ್ತುತ್ತಿದ್ದಳು. ಅಡುಗೆಮನೆಯಲ್ಲಿ ಹೆಂಡತಿ ಹಾಲವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಗಂಡನಿಗೆ ಏನೂ ಹೇಳುತ್ತಿರಲಿಲ್ಲ. ಧಾರವಾಡದ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರು ಹುಡುಗಿಗೆ ಸ್ವರಜ್ಞಾನವಿದೆ, ಆದರೆ ದನಿ ಗರಗಸದಂತಿದೆ ಎಂದುಬಿಟ್ಟರು. ಆ ಮೇಲೆ ಪ್ರೀತಿ ಎಲ್ಲಿಗೂ ಹೋಗಲಿಲ್ಲ. ರಬಕವಿಯ ಸೊಸೈಟಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡಳು.

ಸಂಕ್ರಾಂತಿ ಮುಗಿದ ವಾರ ಮಾಸ್ತರರು ತೀರಿಕೊಂಡರು. ದಿನಕರ್ಮಗಳಾದ ಮೇಲೆ ಅವರ ಮಗಳು ಪ್ರತಿಮಾ ಗಿರಿಮಲ್ಲಪ್ಪನನ್ನು ಕರೆಸಿದಳು. ಅವನು ಪ್ರೀತಿಯನ್ನೂ ಕರೆದುಕೊಂಡು ಹೋದ.

"ಅಣ್ಣಾರ, ಎರಡರಾಗ ಒಂದು ನಿಮಗ ಅಂತ ಅಪ್ಪ ಹೇಳ್ಯಾನ್ರಿ," ಎಂದಳು ಪ್ರತಿಮಾ. "ಬಾರಿಸಿ ನೋಡ್ರಿ, ಯಾವುದು ಬೇಕೋ ತಗೋರಿ. ಉಳದದ್ದನ್ನ ಸಂಗೀತಶಾಲೆಗೆ ಕೊಡ್ತೀನಿ."

ಗಿರಿಮಲ್ಲಪ್ಪ ಚಾಪೆಯ ಮೇಲೆ ಕುಳಿತು, ಪಿಟೀಲಿನ ತುದಿಯನ್ನು ಪಾದಕ್ಕೆ, ಬುಡವನ್ನು ಎದೆಯೆಲುಬಿಗೆ ಆನಿಸಿಕೊಂಡ. ಮೊದಲು ಕರಿಯದು, ಭಾರದ ಕಮಾನು. ಮಂದ್ರದ ಸ್ವರಗಳು ಎಲುಬಿನೊಳಗೇ ಇಳಿದವು. ಹಿಂದೆಂದಿಗಿಂತ ಚಂದವೆನಿಸಿತು. ನಂತರ ಕೆಂಪನ್ನು ಎತ್ತಿಕೊಂಡ. ಹಗುರ ಕಮಾನು ಹಿಡಿದು ಕೆಳಗಿನ ಸ್ವರಗಳಿಂದ ಹತ್ತುತ್ತ ಹೋದ. ನಡುವಿನವರೆಗೆ ಸರಿಯಿತ್ತು. ಮೇಲಿನ ತಂತಿಗೆ ಬಂದಾಗ, ಬಾಗಿಲು ಹಾಕಿದ ಕೋಣೆಯಲ್ಲಿ ಯಾರೋ ಗುನುಗಿದಷ್ಟು ಕೇಳಿತು. ಇನ್ನೂ ಮೇಲೆ ಹೋದ. ಅದೂ ಇಲ್ಲ.

ಕಮಾನಿಗೆ ರಾಳ ಉಜ್ಜಿದ. ಕಮಾನು ಬದಲಿಸಿದ. ತಂತಿ ಬಿಗಿದ. ಪಿಟೀಲನ್ನು ತಿರುವಿ, ಅಂಟು ಬಿಟ್ಟಿದೆಯೇ ಎಂದು ಬೆರಳಿನಿಂದ ಬಡಿದು ನೋಡಿದ.

"ಇದರ ದನಿ ಸತ್ತೈತಿ ತಂಗೆವ್ವಾ," ಎಂದ. "ಮಾಸ್ತರು ಹ್ವಾದ ಮ್ಯಾಲ ಯಾರರ ಕೆಡವ್ಯಾರೇನು? ಒಳಗಿಂದು ಏನೋ ಜರಗೇತಿ."

ಪ್ರತಿಮಾಳ ಕಣ್ಣು ಒದ್ದೆಯಾಗಿದ್ದವು. ಅಪ್ಪನ ನೆನಪಾಗಿರಬೇಕು ಎಂದುಕೊಂಡ.

"ಅಪ್ಪಾ, ಅದು ಛಲೋನ ಐತಿ," ಎಂದಳು ಪ್ರೀತಿ.

"ನಿನಗೇನ ತಿಳಿತೈತಿ?" ಎಂದು ಸಿಟ್ಟಿನಿಂದ ಪಿಟೀಲನ್ನು ಅವಳ ಕೈಗಿತ್ತ. "ತಗೋ, ನೀನ ಬಾರಿಸು."

ಪ್ರೀತಿ ಹಗುರ ಕಮಾನನ್ನು ತೆಗೆದುಕೊಂಡು ಬಾರಿಸತೊಡಗಿದಳು. ಅಪ್ಪ ಕಲಿಸಿದ ಹಾಗೆ ಅವಳು ಒತ್ತಲಿಲ್ಲ. ಕಮಾನು ತಂತಿಯ ಮೇಲೆ ಇದ್ದೂ ಇಲ್ಲದ ಹಾಗೆ ಸರಿದಾಡಿತು. ಸ್ವರಗಳು ಒಂದೊಂದೇ ಮೇಲೇರಿ, ಒಂದು ಜಾಗಕ್ಕೆ ಹೋದ ಮೇಲೆ ಗಿರಿಮಲ್ಲಪ್ಪನಿಗೆ ಕಾಣೆಯಾದವು. ಆದರೆ ಕಮಾನು ನಿಂತಿರಲಿಲ್ಲ. ಮಗಳ ಬೆರಳು ತಂತಿಯ ಮೇಲೆ ಓಡಾಡುತ್ತಿದ್ದವು. ಪ್ರತಿಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಕಿಟಕಿಯ ಬಳಿ ನಿಂತು ಒಳಗೆ ಇಣುಕಿದಳು. ಕೋಣೆಯಲ್ಲಿ ಎಲ್ಲರಿಗೂ ಕೇಳುತ್ತಿದ್ದುದು ಅವನೊಬ್ಬನಿಗೆ ಕೇಳುತ್ತಿರಲಿಲ್ಲ.

ಬಾರಿಸಿ ಮುಗಿಸಿದ ಮಗಳನ್ನು ಕೇಳಿದ: "ಹಿಂಗ ಬಾರಸ್ತಿ ಅಂತ ನನಗ್ಯಾಕ ತೋರಿಸಲಿಲ್ಲ?"

ಪ್ರೀತಿ ತಲೆ ತಗ್ಗಿಸಿ ಏನೋ ಹೇಳಿದಳು. ಅದು ಕಿವಿಗೆ ಬೀಳದೆ ಅವನು ಮತ್ತೆ ಕೇಳಿದ. ಆಗ ಅವಳು ಅವನ ಮುಖಕ್ಕೆ ಮುಖ ಕೊಟ್ಟು, ಗಟ್ಟಿಯಾಗಿ ಹೇಳಿದಳು: "ಹಿಂಗ ಬಾರಿಸಿದ್ರ ನಿನಗ ಕೇಳಸ್ತಿರಲಿಲ್ಲಪ್ಪ."

"ನಿಮ್ಮವ್ವಗ ಗೊತ್ತೈತಿ?"

"ಗೊತ್ತೈತಿ. ಹೇಳಿದ್ರ ನೀ ಪಿಟೀಲ ಮುಟ್ಟೂದು ಬಿಡ್ತಿ ಅಂತ ಅಂಜಿದ್ಲು."

ಧಾರವಾಡದ ಸ್ಪರ್ಧೆ ಅವನ ಕಣ್ಣ ಮುಂದೆ ಬಂತು. ಆ ದಿನ ಅವನು ಕೊನೆಯ ಸಾಲಿನಲ್ಲಿ ಕುಳಿತು, ಇನ್ನೂ ಒತ್ತು ಎಂದು ಕೈಸನ್ನೆ ಮಾಡಿದ್ದ. ಮಗಳು ಅವನನ್ನೇ ನೋಡುತ್ತ ಒತ್ತಿದ್ದಳು.

"ಕೆಂಪಂದು ಹುಡಗಿಗೆ ಕೊಡು ತಂಗೆವ್ವಾ, ಹಗುರ ಕಮಾನನೂ ಕೊಡು," ಎಂದ. "ಇನ್ಮ್ಯಾಲ ನಾ ಕಲಸೂದಿಲ್ಲ. ಛಲೋ ಮಾಸ್ತರು ಯಾರರ ಇದ್ರ ನೀನ ನೋಡು."

ಹಾಲವ್ವನ ಒತ್ತಾಯಕ್ಕೆ ಡಾಕ್ಟರ ಬಳಿಯೂ ಹೋಗಿಬಂದ. ಕಿವಿಯ ನರ ಸತ್ತಿವೆ, ಸತ್ತದ್ದು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಮಗ್ಗ ಬಿಡಬೇಕು ಎಂದರು. ಕಿವಿಗೆ ಮಷೀನು ಹಾಕಿದರು. ಅದರಲ್ಲಿ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು. ಪಿಟೀಲು ಮಾತ್ರ ತಗಡಿನ ಡಬ್ಬಿ ಕೆರೆದ ಹಾಗೆ. ಎರಡು ದಿನಕ್ಕೆ ತೆಗೆದಿಟ್ಟ. ಮಗ್ಗ ಬಿಡಲಾಗಲಿಲ್ಲ. ಆ ವಯಸ್ಸಿನವನನ್ನು ಬೇರೆ ಕೆಲಸಕ್ಕೆ ಯಾರು ಕರೆದಾರು? ಕಿವಿಗೆ ಅರಳೆ ತುರುಕಿಕೊಂಡು ಹೋಗುತ್ತಿದ್ದ. ಭಜನೆಯವರು ಕರೆಯಲು ಬಂದರೆ ಕೈ ನೋಯುತ್ತದೆ ಎಂದು ಕಳಿಸಿಬಿಡುತ್ತಿದ್ದ.

ಮುಧೋಳದಲ್ಲಿ ಪ್ರತಿಮಾ ಹುಡುಕಿಕೊಟ್ಟ ಗುರುಗಳು ಪ್ರೀತಿಗೆ ಮೊದಲು ಕಲಿಸಿದ್ದು ಮರೆಯುವುದನ್ನು. ಒತ್ತುವ ಚಟ ಕೈಯಿಂದ ಹೋಗಲು ಒಂದು ವರ್ಷ ಹಿಡಿಯಿತು. ಅದರ ಮರುವರ್ಷ ಮುಧೋಳದ ಸಭಾಭವನದಲ್ಲಿ ಅವಳ ಕಾರ್ಯಕ್ರಮವಾಯಿತು. ಗಿರಿಮಲ್ಲಪ್ಪ ಹಾಲವ್ವನ ಜೊತೆ ಮುಂದಿನ ಸಾಲಿನಲ್ಲೇ ಕುಳಿತ. ಆ ಹೊತ್ತಿಗಾಗಲೇ ನಡುವಿನ ಸ್ವರಗಳೂ ಅವನಿಗೆ ಮಸುಕಾಗಿದ್ದವು. ಸುತ್ತಲಿನವರು ತಲೆದೂಗಿದಾಗ ತಾನೂ ತಲೆದೂಗಿದ.

ಮುಗಿದ ಮೇಲೆ ಪ್ರತಿಮಾ ಬಂದು ಎದುರು ನಿಂತು, ತುಟಿ ಕಾಣುವ ಹಾಗೆ ಕೇಳಿದಳು: "ಹೆಂಗಾತ್ರೀ ಅಣ್ಣಾರ?"

"ಕಮಾನ ನೆಟ್ಟಗ ಹೋತು," ಎಂದ ಗಿರಿಮಲ್ಲಪ್ಪ. "ಕೈ ಹಗುರಾಗೇತಿ."

ಅಷ್ಟೇ ಹೇಳಿ ಬಾಗಿಲ ಕಡೆ ನಡೆದ. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಸಾಲುಗಟ್ಟಿದ್ದವು. ಅವುಗಳಲ್ಲೊಂದು ಹಾರ್ನು ಬಾರಿಸುತ್ತ ಹಿಂದಿನಿಂದ ಬಂದರೂ ಅವನು ರಸ್ತೆಯ ನಡುವೆಯೇ ನಡೆಯುತ್ತಿದ್ದ. ಹಾಲವ್ವ ಓಡಿಹೋಗಿ ಅಂಗಿ ಹಿಡಿದು ಪಕ್ಕಕ್ಕೆ ಎಳೆದಳು.