ಉಸಿರಿನ ಡಾಕ್ಟರು

ಮೊನ್ನೆ ಮೊಣಕಾಲು ನೋವಿಗೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿದ್ದೆ. ಒಂದು ಕೋಣೆಯಲ್ಲಿ ಫಿನಾಯಿಲ್ ಜೊತೆ ಊದಿನಕಡ್ಡಿಯ ವಾಸನೆ ಬಂತು. ಎಂಬತ್ತರ ದಶಕದಲ್ಲಿ ನಮ್ಮೂರು ಸಂಶಿಯ ಡಾಕ್ಟರರ ದವಾಖಾನೆಯಲ್ಲಿ ಇದೇ ವಾಸನೆ ಇರುತ್ತಿತ್ತು...

ಮೊದಲೆಲ್ಲ ನೆಟ್ಟಗೆ ಗುಳಿಗೆ ಕೊಡುತ್ತಿದ್ದರು. ಎಲ್ಲಿಗೋ ಧ್ಯಾನದ ಶಿಬಿರಕ್ಕೆ ಹೋಗಿ ಬಂದರು ನೋಡಿ, ತಲೆ ತಿರುಗಿತು. ಹಲ್ಲುನೋವಿರಲಿ, ಚೇಳು ಕಡಿದಿರಲಿ, ಊದಿನಕಡ್ಡಿ ಹಚ್ಚಿ ಎದುರಿಗೆ ಕೂರಿಸುವುದು. "ಕಣ್ಣ ಮುಚ್ಚು. ಉಸರಿನ ಮ್ಯಾಲೆ ಲಕ್ಷ್ಯ ಇಡು. ನೋವು ಬಂದ್ರ ಬರ್ಲಿ, ಸುಮ್ನ ನೋಡು." ಕಡ್ಡಿ ಬೆರಳುದ್ದ ಉರಿಯುವವರೆಗೆ ಇದೇ ಔಷಧ. ಬೆನ್ನುನೋವಿನ ಕೆಲವರಿಗೆ ಹಗುರಾದದ್ದೂ ನಿಜ. ಅದರಿಂದ ಸೊಕ್ಕು ಇನ್ನಷ್ಟು ಏರಿತು.

ಒಂದು ಮುಂಜಾನೆ ನಮ್ಮ ಮನೆಯವರು ಮೆಣಸಿನಕಾಯಿ ಹೊಲದಿಂದ ಬಾಗಿಕೊಂಡೇ ಬಂದರು. ಹೊಟ್ಟೆಯ ಬಲಗಡೆ ತಡೆಯಲಾರದ ನೋವು. "ಹುಬ್ಬಳ್ಳಿಗೆ ಹೋಗೂಣು ನಡೀರಿ" ಎಂದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೊರಟೆ. ದವಾಖಾನೆ ಅದರ ಬಾಜೂಕೇ ಇತ್ತು. ಡಾಕ್ಟರು ಬಿಟ್ಟರೆ ತಾನೆ? ಒಳಗೆ ಕರೆದು ಕೂರಿಸಿದರು. ಹೊಟ್ಟೆಗೆ ಕೈ ಸಹ ಹಚ್ಚಲಿಲ್ಲ, ಕಡ್ಡಿ ಹಚ್ಚಿದರು. ಒಂದು ಮುಗಿಯಿತು, ಇನ್ನೊಂದು... ಮಧ್ಯಾಹ್ನದ ಹೊತ್ತಿಗೆ ನೋವು ಒಮ್ಮೆಲೇ ಇಳಿಯಿತು.

"ನೋಡಿದಿ ಇಲ್ಲೋ ತಂಗಿ? ಹುಬ್ಬಳ್ಳಿ ಅಂತಿದ್ದಿ!" ಎಂದು ನಕ್ಕರು. ನಾನೂ ಕೈಮುಗಿದು, ನಮ್ಮವರನ್ನು ಮನೆಗೆ ಕರೆತಂದೆ.

ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಒಡೆದಾಗ ನೋವು ಸ್ವಲ್ಪ ಹೊತ್ತು ಇಳಿಯುವುದುಂಟು ಎಂದು, ಮರುದಿನ ನೋವು ಮತ್ತೆ ಏರಿ ಒಯ್ದಾಗ, ಹುಬ್ಬಳ್ಳಿಯ ದೊಡ್ಡ ಡಾಕ್ಟರು ಹೇಳಿದರು. ಅಷ್ಟರಲ್ಲಿ ಹೊಟ್ಟೆಯೆಲ್ಲ ಕೀವು. ನಮ್ಮವರು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆ ಮನುಷ್ಯ ನಮ್ಮ ಮನೆಗೆ ಬಂದ. 'ಬಂದರು' ಎಂದು ಬರೆಯಲು ಇನ್ನು ನನ್ನಿಂದಾಗದು. ತಪ್ಪಾಯಿತು ಎಂದಾನು ಅಂದುಕೊಂಡಿದ್ದೆ. ಎದುರಿಗೆ ಕೂತು ಹೇಳಿದ್ದೇನು ಗೊತ್ತೇ? "ಕಣ್ಣ ಮುಚ್ಚು ತಂಗಿ. ಉಸರಿನ ಮ್ಯಾಲೆ ಲಕ್ಷ್ಯ ಇಡು. ದುಃಖ ಹಗರ ಆಗ್ತೈತಿ."

"ಯಾರ ಉಸರಿನ ಮ್ಯಾಲ್ರಿ?" ಎಂದೆ.

ಎದ್ದು ಹೋದ. ನಾಚಿಕೆಗೇಡಿ, ಮರುದಿನವೇ ದವಾಖಾನೆ ತೆರೆದು ಕಡ್ಡಿ ಹಚ್ಚಿದನಂತೆ! ಈಗ ಅವನೂ ಇಲ್ಲ. ಸತ್ತ ಸುದ್ದಿ ಬಂದಾಗ ರೊಟ್ಟಿ ಬಡಿಯುತ್ತಿದ್ದೆ, ಕೈ ನಿಲ್ಲಿಸಲಿಲ್ಲ.

ಮೊನ್ನೆ ಆಸ್ಪತ್ರೆಯ ಆ ಕೋಣೆಯಲ್ಲಿ ಧ್ಯಾನ ಹೇಳಿಕೊಡುತ್ತಿದ್ದ ಹುಡುಗಿ ಹಾಗಲ್ಲ. ಎಕ್ಸ್-ರೇ ತೆಗೆದು, ಡಾಕ್ಟರು ಮೊಣಕಾಲು ಒತ್ತಿ ನೋಡಿದ ಮೇಲೆಯೇ ಉಸಿರಿನ ಮಾತೆತ್ತಿದಳು. ಸಿಟ್ಟಿನಲ್ಲೇ ಕಣ್ಣು ಮುಚ್ಚಿದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಹೊತ್ತಿಗೆ ನೋವು ಇಳಿಯಿತು.

"ಕಡಿಮಿ ಆತೇನ್ರೀ ಅಜ್ಜಿ?" ಎಂದು ನಕ್ಕಳು.

ನಾನು ಮೊಣಕಾಲು ಒತ್ತಿ ನೋಡಿಕೊಂಡೆ. ನಮ್ಮವರಿಗೂ ಹೀಗೆಯೇ ಇಳಿದಿತ್ತಲ್ಲ...